ಹಲ್ಲು ನೋಡಿ ಕೊಳ್ಳುವ ಕಾರು

ಬೂಕನಕೆರೆ ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಗೋಗಾಲಮ್ಮ ಇಲ್ಲಿನ ದೇವತೆ. ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1943ರಲ್ಲಿ ಹುಟ್ಟಿದ ಊರೆಂದು ನಾಡಿಗೆಲ್ಲ ಇದರ ಹೆಸರು ಗೊತ್ತು. ಸುತ್ತ ಕಬ್ಬು, ಭತ್ತ, ತೆಂಗು. ಈಗ ಮನೆಮನೆಯ ಮುಂದೆ ಬೈಕು ನಿಂತಿದ್ದರೂ, ಈ ಸೀಮೆಯ ಹಿರಿಯರು ಎತ್ತು ಕೊಳ್ಳುವ ವಿದ್ಯೆಯನ್ನು ಇನ್ನೂ ಮರೆತಿಲ್ಲ.

ಇದೇ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯ ಮುಂದೆ ನಿಂತ ರೈತ ಮೊದಲು ಬೆಲೆ ಕೇಳುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ. ಗೊರಸು ಮುಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ವ್ಯಾಪಾರದ ಮಾತು ತೆಗೆಯುತ್ತಾನೆ. ಕೊಳ್ಳುವುದು ಒಂದು ದಿನದ ಕೆಲಸ, ಸಾಕುವುದು ವರ್ಷಗಳ ಕೆಲಸ ಎಂಬುದು ಅವನಿಗೆ ತಿಳಿದಿದೆ. ಹಳೆಯ ಕಾರನ್ನು ಹವ್ಯಾಸಕ್ಕಾಗಿ ಕೊಂಡು ಓಡಿಸಬೇಕೆನ್ನುವವರಿಗೂ ಬೇಕಾದದ್ದು ಇದೇ ತಿಳಿವಳಿಕೆ.

ಅಂಥ ಆಸೆ ಹುಟ್ಟಿಸುವ ಜಾಗವೊಂದು ಬೂಕನಕೆರೆಯಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿದೆ. ಚಿನಕುರಳಿ, ಪಾಂಡವಪುರ ಹಾದು ಶ್ರೀರಂಗಪಟ್ಟಣ ಸೇರಿ, ಅಲ್ಲಿಂದ ಮೈಸೂರಿನ ಕಡೆಗೆ ಸ್ವಲ್ಪ ದೂರ ಹೋದರೆ ನಗುವನಹಳ್ಳಿಯ ಬಳಿ ‘ಪಯಣ’ ಕಾರು ಸಂಗ್ರಹಾಲಯ ಸಿಗುತ್ತದೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳ ಕಾಲ ಕೂಡಿಸಿದ ಹಳೆಯ ಕಾರುಗಳನ್ನು ಇಲ್ಲಿ ನೋಡಬಹುದು. 2023ರಲ್ಲಿ ಇದು ಜನರಿಗೆ ತೆರೆಯಿತು. ದೇಶ ವಿದೇಶಗಳ ಹತ್ತಾರು ಕಾರುಗಳು ಕನ್ನಡಿಯಂತೆ ಹೊಳೆಯುತ್ತ ಸಾಲಾಗಿ ನಿಂತಿವೆ.

ರಜೆಯಲ್ಲಿ ಇಂಥಲ್ಲಿಗೆ ಬರುವ ಅಪ್ಪ ಮಕ್ಕಳ ನಡುವೆ ಒಂದು ಮಾತು ಎದ್ದೇ ಏಳುತ್ತದೆ.

“ಅಪ್ಪ, ನಾವೂ ಒಂದು ಹಳೇ ಕಾರು ತಗೊಳ್ಳಣ್ವಾ?”

“ತಗೊಳ್ಳೋದೇನು ದೊಡ್ಡದಲ್ಲ ಕಣ್ಮಗ, ಸಾಕೋರ್ಯಾರು?”

ಅಪ್ಪನ ಈ ಪ್ರಶ್ನೆಯನ್ನು ತಮಾಷೆಯೆಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಸಿಕ್ಕಿದ ಮೇಲೆ ಮಾತ್ರ ಆಸೆಗೆ ಅರ್ಥ ಬರುತ್ತದೆ.

ನಮ್ಮ ಕಡೆ ಹವ್ಯಾಸಿಗಳ ಕೈಗೆಟುಕುವ ಹಳೆಯ ಕಾರುಗಳೆಂದರೆ ಹೆಚ್ಚಾಗಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಮತ್ತು ಮೊದಲ ಕಾಲದ ಮಾರುತಿ 800. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿದ ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ 1950ರ ದಶಕದ ಕೊನೆಯಿಂದ 2014ರ ತನಕ ತಯಾರಾಯಿತು. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಮಾರುತಿ 800 ರಸ್ತೆಗೆ ಇಳಿದದ್ದು 1983ರ ಡಿಸೆಂಬರ್‌ನಲ್ಲಿ. ಅರಮನೆಗಳ ಕಾರುಗಳಿಗೆ ಹೋಲಿಸಿದರೆ ಇವು ಬಡವರ ಮನೆಯ ಮಕ್ಕಳು. ಆದರೆ ಇವುಗಳ ಎಂಜಿನ್ನನ್ನು ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳು ಸಣ್ಣ ಪಟ್ಟಣಗಳಲ್ಲಿ ಇನ್ನೂ ಇದ್ದಾರೆ. ಹವ್ಯಾಸಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಇನ್ನು ‘ಹಲ್ಲು ನೋಡುವ’ ಕೆಲಸ. ಹಳೆಯ ಕಾರಿನ ಮೊದಲ ಶತ್ರು ತುಕ್ಕು. ಹೊರಗಿನ ಬಣ್ಣಕ್ಕೆ ಮರುಳಾಗದೆ, ಕಾಲಡಿಯ ಮ್ಯಾಟ್ ಎತ್ತಿ ತಳದ ತಗಡು ನೋಡಬೇಕು. ಬಾಗಿಲುಗಳ ಕೆಳಅಂಚು, ಡಿಕ್ಕಿಯ ತಳ, ಚಕ್ರದ ಮೇಲಿನ ಕಮಾನು ಇವನ್ನೆಲ್ಲ ಬೆರಳಿನಿಂದ ತಟ್ಟಿ ನೋಡಬೇಕು. ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವೊಂದು ಜೇಬಿನಲ್ಲಿದ್ದರೆ ಒಳ್ಳೆಯದು. ಅದು ಅಂಟದ ಕಡೆ ತಗಡಿನ ಬದಲು ಪುಟ್ಟಿ ತುಂಬಿದ್ದಾರೆಂದು ತಿಳಿಯಬಹುದು. ಎಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು. ಮೈಯೆಲ್ಲ ತುಕ್ಕು ಹಿಡಿದ ಕಾರಿನ ಟಿಂಕರಿಂಗ್ ಖರ್ಚು ಕಾರಿನ ಬೆಲೆಯನ್ನೇ ಮೀರಿಬಿಡುತ್ತದೆ.

ಎರಡನೆಯದು, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡುವುದು. ನೋಡಲು ಬರುವ ಮುಂಚೆಯೇ ಬಿಸಿ ಮಾಡಿಟ್ಟ ಎಂಜಿನ್ ಅನೇಕ ಗುಟ್ಟುಗಳನ್ನು ಮುಚ್ಚಿಡುತ್ತದೆ. ಹೊಗೆ ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಕಪ್ಪಾದರೆ ಪೆಟ್ರೋಲು ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು.

ಮೂರನೆಯದು ಕಾಗದಪತ್ರ. ಆರ್‌ಸಿ ಪುಸ್ತಕದಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಗಾಡಿಯ ಮೇಲಿರುವ ಸಂಖ್ಯೆಗಳಿಗೆ ತಾಳೆಯಾಗದಿದ್ದರೆ, ಎಷ್ಟೇ ಅಗ್ಗವಾದರೂ ಅಲ್ಲಿಂದ ಎದ್ದುಬರುವುದೇ ಕ್ಷೇಮ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರುಗಳ ನವೀಕರಣ ಶುಲ್ಕವನ್ನು 5,000 ರೂಪಾಯಿಯಿಂದ 10,000ಕ್ಕೆ ಏರಿಸಲಾಯಿತು. ಇದರ ಜೊತೆಗೆ ವಿಮೆ ಮತ್ತು ಹೊಗೆ ತಪಾಸಣೆಯ ಪ್ರಮಾಣಪತ್ರವೂ ಬೇಕು.

50 ವರ್ಷ ದಾಟಿ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ‘ವಿಂಟೇಜ್’ ಎಂಬ ಬೇರೆಯೇ ವರ್ಗ ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಸಂಖ್ಯಾಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಮೊದಲೇ ನೋಂದಣಿಯಾದ ಗಾಡಿ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಈ ವರ್ಗದ ವಾಹನವನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಮೊದಲ ಸಾಲಿನ ಮಾರುತಿ 800 ಈ ಪಂಕ್ತಿಯಲ್ಲಿ ಕೂರುವುದು 2033ರಲ್ಲಿ!

ಕೊಂಡದ್ದಾಯಿತು, ಇನ್ನು ಸಾಕಣೆ. ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಸೊಗಸಾದ ಲೆಕ್ಕವಿದೆ. ಹಳೆಯ ಪೆಟ್ರೋಲ್ ಕಾರಿನಲ್ಲಿ ಕಿಡಿ ಹುಟ್ಟಿಸುವುದಕ್ಕೆ ಡಿಸ್ಟ್ರಿಬ್ಯೂಟರ್ ಒಳಗೆ ‘ಪಾಯಿಂಟ್’ ಎಂಬ ಪುಟ್ಟ ಸ್ವಿಚ್ಚು ತೆರೆದು ಮುಚ್ಚುತ್ತಿರುತ್ತದೆ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಸುತ್ತಿಗೊಂದು ಕಿಡಿ ಬೇಕು. ನಾಲ್ಕು ಸಿಲಿಂಡರ್ ಇದ್ದರೆ ಸುತ್ತಿಗೆ ಎರಡು ಕಿಡಿ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ 6,000 ಕಿಡಿ, ಅಂದರೆ ಸೆಕೆಂಡಿಗೆ 100! ಅಂಬಾಸಿಡರ್‌ನ ಹಳೆಯ ಎಂಜಿನ್ನಿನಲ್ಲಿ ಈ ಪಾಯಿಂಟ್‌ನ ಅಂತರ ಸುಮಾರು 0.4 ಮಿಲಿಮೀಟರ್. ಅದು ಸವೆದು ಹೆಚ್ಚುಕಡಿಮೆಯಾದರೆ ಕಾರು ಕೆಮ್ಮತೊಡಗುತ್ತದೆ. ಫೀಲರ್ ಗೇಜ್ ಎಂಬ ತೆಳು ಪಟ್ಟಿಯಿಂದ ಅಳೆದು ಸರಿಪಡಿಸುವುದನ್ನು ಒಬ್ಬ ಹೈಸ್ಕೂಲು ಹುಡುಗಿಯೂ ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲಳು. ಹೊಸ ಕಾರುಗಳಲ್ಲಿ ಈ ಕೆಲಸವನ್ನೆಲ್ಲ ಕಂಪ್ಯೂಟರ್ ಮಾಡುವುದರಿಂದ ಮುಚ್ಚಳ ತೆಗೆದರೂ ಕಣ್ಣಿಗೆ ಏನೂ ಕಾಣದು. ಹಳೆಯ ಕಾರು ತೆರೆದಿಟ್ಟ ಪಠ್ಯಪುಸ್ತಕದ ಹಾಗೆ.

ಇನ್ನೊಂದು ಸಂಗತಿ ಬೂಕನಕೆರೆಯ ಕಬ್ಬಿನ ಗದ್ದೆಗೇ ತಗುಲಿಕೊಂಡದ್ದು. ಕಬ್ಬಿನ ಕಾಕಂಬಿಯಿಂದಲೂ ಧಾನ್ಯಗಳಿಂದಲೂ ತೆಗೆದ ಎಥೆನಾಲನ್ನು ಪೆಟ್ರೋಲಿಗೆ ಬೆರೆಸುತ್ತಾರೆ. ಈ ಬೆರಕೆ 2025ರಲ್ಲಿ ನೂರಕ್ಕೆ 20ರ ಮಟ್ಟ ಮುಟ್ಟಿತು. ಕಬ್ಬು ಬೆಳೆಗಾರನಿಗೆ ಇದು ಸಿಹಿ ಸುದ್ದಿ, ಹಳೆಯ ಕಾರಿಗೆ ಮಾತ್ರ ಅಷ್ಟು ಹಿತವಲ್ಲ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಿಂದಿನ ಕಾಲದ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳನ್ನು ಬೇಗ ಹಾಳು ಮಾಡುತ್ತದೆ. ಪೆಟ್ರೋಲ್ ಪೈಪು ಸೋರಿದರೆ ಬೆಂಕಿಯ ಭಯ. ಆದ್ದರಿಂದ ಹಳೆಯ ಕಾರು ಕೊಂಡವರು ಎಥೆನಾಲ್ ತಡೆಯುವ ಹೊಸ ಪೈಪುಗಳನ್ನು ಮೊದಲು ಹಾಕಿಸಬೇಕು, ಬಣ್ಣ ಆಮೇಲೆ. ತಿಂಗಳುಗಟ್ಟಲೆ ಒಂದೇ ಪೆಟ್ರೋಲನ್ನು ಟ್ಯಾಂಕಿನಲ್ಲಿ ಇಡಬಾರದು. ವಾರಕ್ಕೊಮ್ಮೆಯಾದರೂ ಕಾರನ್ನು ಹೊರತೆಗೆದು ಓಡಿಸಬೇಕು. ಕಟ್ಟಿಹಾಕಿದ ಎತ್ತಿನ ಕಾಲು ಹಿಡಿಯುವಂತೆ ನಿಲ್ಲಿಸಿದ ಕಾರಿನ ಬ್ರೇಕೂ ಹಿಡಿಯುತ್ತದೆ.

ತಂದೆತಾಯಿಗಳು ಗಮನಿಸಬೇಕಾದ ಒಂದು ಮಾತುಂಟು. ಈ ಕಾರುಗಳಲ್ಲಿ ಏರ್‌ಬ್ಯಾಗ್ ಇಲ್ಲ. ತೀರ ಹಳೆಯವಕ್ಕೆ ಸೀಟ್ ಬೆಲ್ಟ್ ಕೂಡ ಇರಲಿಲ್ಲ, ಬ್ರೇಕು ನಾಲ್ಕು ಚಕ್ರಕ್ಕೂ ಡ್ರಮ್ಮಿನದು. ವೇಗ ಎರಡು ಪಟ್ಟಾದರೆ, ಬ್ರೇಕು ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆಂಬುದು ಭೌತಶಾಸ್ತ್ರದ ಪಾಠ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ವೇಗ ಇವಕ್ಕೆ ಹೇಳಿದ್ದಲ್ಲ. ಪಕ್ಕದ ಸರ್ವಿಸ್ ರಸ್ತೆ, ಪಾಂಡವಪುರ–ಬೂಕನಕೆರೆಯಂಥ ಊರ ದಾರಿ, ಭಾನುವಾರದ ಬೆಳಗು ಇವೇ ತಕ್ಕವು. ಮಗನಿಗೋ ಮಗಳಿಗೋ 18 ತುಂಬಿ, ಲೈಸೆನ್ಸ್ ಕೈಗೆ ಬಂದ ಮೇಲೂ ದಿನಾ ಕಾಲೇಜಿಗೆ ಹೋಗಿಬರಲು ಹಳೆಯ ಕಾರು ಕೊಡುವುದು ಜಾಣತನವಲ್ಲ.

ಹಾಗಾದರೆ ಅಪ್ಪನ ಪ್ರಶ್ನೆಗೆ ಉತ್ತರ? ಸಾಕುವವರು ಮನೆಯವರೇ ಆಗಬೇಕು. ಕೆಲಸವನ್ನೆಲ್ಲ ಹಣ ಕೊಟ್ಟು ಮಾಡಿಸುತ್ತೇವೆಂದು ಹೊರಟ ಮನೆಗಳಲ್ಲಿ ಕಾರು ಎರಡನೇ ವರ್ಷಕ್ಕೆ ಟಾರ್ಪಾಲಿನ ಕೆಳಗೆ ಸೇರುತ್ತದೆ. ಅದರ ಮೇಲೆ ಕೋಳಿ ಕೂರುತ್ತದೆ. ಪಾಯಿಂಟ್ ಸರಿಪಡಿಸಿ, ಕಾರ್ಬೊರೇಟರ್ ತೊಳೆದು, ಎಂಜಿನ್ನಿನ ಸದ್ದಿನಿಂದಲೇ ರೋಗ ಹೇಳುವ ಮೇಸ್ತ್ರಿಗಳಿಗೆ ಈಗ ವಯಸ್ಸಾಗಿದೆ. ಅವರ ಮಕ್ಕಳು ಬೇರೆ ಬೇರೆ ಉದ್ಯೋಗ ಹಿಡಿದಿದ್ದಾರೆ. ತಗಡು, ಗಾಜು, ಚಕ್ರಗಳನ್ನು ಸಂಗ್ರಹಾಲಯ ಉಳಿಸಬಲ್ಲದು. ಅವರ ಕೈಯ ಅಭ್ಯಾಸ ಉಳಿಯಬೇಕಾದರೆ ಯಾರಾದರೂ ಪಕ್ಕದಲ್ಲಿ ಕೂತು ಕಲಿಯಬೇಕು.

ಆದ್ದರಿಂದ ಪಯಣದಿಂದ ಹಿಂದಿರುಗುವಾಗ ಕಾರಿನ ಬೆಲೆ ವಿಚಾರಿಸುವ ಅವಸರ ಬೇಡ. ಪಾಂಡವಪುರದಲ್ಲೋ ಕೃಷ್ಣರಾಜಪೇಟೆಯಲ್ಲೋ ಹಳೆಯ ಗಾಡಿಗಳನ್ನು ನೋಡುವ ಮೇಸ್ತ್ರಿಯೊಬ್ಬರನ್ನು ಹುಡುಕಿ, “ಭಾನುವಾರ ಬಂದು ಜೊತೇಲಿ ಕೆಲ್ಸ ಮಾಡ್ಲಾ ಅಣ್ಣ?” ಎಂದು ಮಕ್ಕಳು ಕೇಳಲಿ. ನಾಲ್ಕು ಭಾನುವಾರ ಕೈಗೆ ಗ್ರೀಸು ಮೆತ್ತಿಕೊಂಡ ಮೇಲೂ ಆಸೆ ಉಳಿದಿದ್ದರೆ, ಆಗ ಅಪ್ಪ ಮಕ್ಕಳಿಬ್ಬರೂ ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಕಾರು ನೋಡಲು ಹೊರಡಬಹುದು.