ಗಣಕಯಂತ್ರದ ಪರಕಾಯ ಪ್ರವೇಶ

ಹಳೆಯ ದೇಹ ಬಿಟ್ಟ ಜೀವ ಹೊಸ ದೇಹ ಸೇರುವ ಕತೆಗಳನ್ನು ನಾವೆಲ್ಲ ಅಜ್ಜಿಯರಿಂದ ಕೇಳಿದ್ದೇವೆ. ಗಣಕಯಂತ್ರಕ್ಕೂ ಇದು ಸಾಧ್ಯವೆಂದು ಈ ವರ್ಷ ಕಲಿತೆವು.

ರಾಯದುರ್ಗ, ಮಡಕಶಿರಾ ಕಡೆಯ ನಮ್ಮಂಥ ಗಡಿನಾಡ ಕನ್ನಡ ಶಾಲೆಗಳಿಗೆ ಕನ್ನಡದ ಪ್ರತಿ ಪುಟವೂ ಆಸ್ತಿ. ನಮ್ಮ ಗುರುಗಳು ವರ್ಷಗಟ್ಟಲೆ ಬೆರಳಚ್ಚು ಮಾಡಿದ ಪಾಠಟಿಪ್ಪಣಿ, ಪ್ರಶ್ನೆಪತ್ರಿಕೆಗಳು ವಿಂಡೋಸ್ ಎಕ್ಸ್‌ಪಿಯ ಮುದಿ ಯಂತ್ರವೊಂದರಲ್ಲಿದ್ದವು. ಅವು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿದ್ದುದರಿಂದ, ಆ ಅಕ್ಷರಶೈಲಿಯಿಲ್ಲದ ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತಿದ್ದವು. ಮುದಿ ಯಂತ್ರವೋ ಇಂದು ನಾಳೆ ಎನ್ನುತ್ತಿತ್ತು.

ಗುರುಗಳ ಮಾರ್ಗದರ್ಶನದಲ್ಲಿ ನಾವು 'ಡಿಸ್ಕ್‌ಟುವಿಎಚ್‌ಡಿ' ಎಂಬ ಉಚಿತ ತಂತ್ರಾಂಶದ ಹಳೆಯ ಆವೃತ್ತಿಯಿಂದ ಅದರ ಹಾರ್ಡ್ ಡಿಸ್ಕನ್ನು ಇದ್ದಂತೆಯೇ ಒಂದೇ ಕಡತವಾಗಿ ನಕಲಿಸಿಕೊಂಡೆವು. ಹೊಸ ಯಂತ್ರದಲ್ಲಿನ 'ವರ್ಚುವಲ್‌ಬಾಕ್ಸ್' ತನ್ನ ಯಂತ್ರದ ಸ್ಮೃತಿಯಲ್ಲೂ ಜಾಗದಲ್ಲೂ ಒಂದಿಷ್ಟು ಪಾಲು ಕೊಟ್ಟು, ಆ ಕಡತಕ್ಕೊಂದು ಕಲ್ಪಿತ ದೇಹ ಕಟ್ಟಿತು. ಪರದೆಯ ಒಂದು ಚೌಕದೊಳಗೆ ಹಳೆಯ ಯಂತ್ರ ಎದ್ದು ಕುಳಿತಿತು. ಅಕ್ಷರಗಳೆಲ್ಲ ಓದಲು ಬಂದವು! ಎಕ್ಸ್‌ಪಿಗೆ ಸುರಕ್ಷತೆಯ ನೆರವು 2014ರಲ್ಲೇ ನಿಂತಿರುವುದರಿಂದ ಅದಕ್ಕೆ ಅಂತರ್ಜಾಲ ಜೋಡಿಸಲಿಲ್ಲ. ಕಡತದ ಇನ್ನೊಂದು ಪ್ರತಿಯನ್ನು ಬೇರೆಡೆ ಇಟ್ಟೆವು.

2022ರಲ್ಲಿ ಮಡಕಶಿರಾ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದರೂ ಮನೆಮಾತು ಬದಲಾಗಲಿಲ್ಲ. ಹಾಗೆಯೇ ಯಂತ್ರ ಹೋದರೂ ಅಕ್ಷರ ಉಳಿಯಬೇಕು. ಪೋಷಕರೇ, ಮನೆಯ ಹಳೆಯ ಗಣಕಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದರೊಳಗೆ ಏನಿದೆಯೆಂದು ಒಮ್ಮೆ ನೋಡಿರಿ.