ಗಾಡಿಯ ಹೊಟ್ಟೆಗೊಂದು ತಗಡು

ಗಾಡಿ ಕೊಳ್ಳುವವರು ಮೊದಲು ನೋಡುವುದು ಅದರ ಮುಖವನ್ನು. ಬಣ್ಣ, ದೀಪ, ಸೀಟು, ಟೈರು ಎಲ್ಲ ನೋಡಿಯಾದ ಮೇಲೆ ಬಾನೆಟ್ ಎತ್ತಿಸಿ ಇಂಜಿನ್ನಿನ ಸದ್ದು ಕೇಳುತ್ತಾರೆ. ನೆಲದ ಮೇಲೆ ಅಂಗಾತ ಮಲಗಿ ಹೊಟ್ಟೆ ನೋಡುವವರು ಕಡಿಮೆ. ಮಲೆನಾಡಿನ ಒಳದಾರಿಗಳಲ್ಲಿ ಓಡುವ ಜೀಪುಗಳ ಆಯಸ್ಸು ಇರುವುದೇ ಆ ಹೊಟ್ಟೆಯಲ್ಲಿ ಎನ್ನುವುದು ನನಗೆ ಗೊತ್ತಾಗಿದ್ದು ಪಿಎಚ್.ಡಿ.ಯ ಮೂರನೆಯ ವರ್ಷದಲ್ಲಿ.

ನನ್ನ ಸಂಶೋಧನೆ ಹಳ್ಳದ ಹುಳುಗಳ ಮೇಲೆ. ಕೊಪ್ಪ ತಾಲ್ಲೂಕಿನಲ್ಲಿ ತುಂಗೆಗೆ ಸೇರುವ ಒಂದು ಹಳ್ಳವಿದೆ. ತಿಂಗಳಿಗೊಮ್ಮೆ ಅದರ ಕಲ್ಲುಗಳನ್ನು ಮಗುಚಿ, ಅಡಿಯಲ್ಲಿ ಅಂಟಿಕೊಂಡ ಮರಿಹುಳುಗಳನ್ನು ಎಣಿಸಿ, ಕಲ್ಲನ್ನು ಮೊದಲಿದ್ದ ಹಾಗೆಯೇ ಇಟ್ಟು ಬರುವುದು ನನ್ನ ಕೆಲಸ. ಡಾಂಬರು ರಸ್ತೆ ಮುಗಿದ ಮೇಲೆ ಒಂಬತ್ತು ಕಿಲೋಮೀಟರ್ ಮಣ್ಣುದಾರಿ. ನಡುವೆ ಎರಡು ಕಡೆ ಹಳ್ಳ ದಾಟಬೇಕು. ನಡೆಯುವವರಿಗೆ ಕಾಲುಸಂಕವಿದೆ, ಗಾಡಿಗೆ ನೀರೇ ದಾರಿ. ನನ್ನನ್ನು ಅಲ್ಲಿಗೆ ಒಯ್ಯುವುದು ಆ ಊರಿನವರೇ ಒಬ್ಬರ ಹಳೆಯ ಜಿಪ್ಸಿ. ಊರವರೆಲ್ಲ ಕರೆಯುವಂತೆ ನಾನೂ ಅವರನ್ನು ಅಣ್ಣ ಎನ್ನುತ್ತೇನೆ. ಅವರು ನನ್ನನ್ನು ಮೇಡಂ ಎನ್ನುತ್ತಾರೆ. ಬೈಯುವಾಗ ಮಾತ್ರ ‘ಮಾರಾಯ್ತಿ’. ಹನ್ನೆರಡು ಮನೆಗಳ ಆ ಊರಿಗೆ ಅದೊಂದೇ ನಾಲ್ಕು ಚಕ್ರದ ಗಾಡಿ. ಅಡಿಕೆ ಮೂಟೆಯೂ ಅದರಲ್ಲೇ, ಬಾಣಂತಿಯೂ ಅದರಲ್ಲೇ, ನನ್ನ ಬಲೆ-ಬಾಟಲಿಗಳೂ ಅದರಲ್ಲೇ.

ಮಾರುತಿ ಜಿಪ್ಸಿ ನಮ್ಮ ರಸ್ತೆಗಳಿಗೆ ಬಂದದ್ದು 1985ರಲ್ಲಿ. ಸೇನೆ, ಪೊಲೀಸ್, ಅರಣ್ಯ ಇಲಾಖೆಗಳು ಅದನ್ನು ಮೂರು ದಶಕ ದುಡಿಸಿದವು. ತಯಾರಿಕೆ ನಿಂತರೂ ಮಲೆನಾಡು ಇನ್ನೂ ಅದನ್ನು ಬಿಟ್ಟಿಲ್ಲ. ಮೊದಲ ಸಲ ಅದರ ಕೆಳಗೆ ತೂರಿ ನೋಡಿದಾಗ ಪಿಯುಸಿ ಪುಸ್ತಕದಲ್ಲಿದ್ದ ಕಪ್ಪೆಯ ಒಳಾಂಗಗಳ ಚಿತ್ರ ನೆನಪಾಯಿತು. ಎರಡು ಉದ್ದನೆಯ ಚಾಸಿ ಪಟ್ಟಿಗಳ ನಡುವೆ ಎಲ್ಲವೂ ಜೋತುಬಿದ್ದಿವೆ. ಮುಂದೆ ಇಂಜಿನ್ ಎಣ್ಣೆಯ ತಳಪಾತ್ರೆ. ಪುಸ್ತಕದಲ್ಲಿ ಅದು ಆಯಿಲ್ ಸಂಪ್. ನಮ್ಮ ಕಡೆ ಎಲ್ಲರ ಬಾಯಲ್ಲೂ ‘ಚೇಂಬರ್’. ಅದರ ಹಿಂದೆ ಗೇರ್ ಬಾಕ್ಸ್. ಇನ್ನೂ ಹಿಂದೆ, ಒಂದು ಗಿಡ್ಡ ಶಾಫ್ಟಿನಾಚೆ ಪ್ರತ್ಯೇಕವಾಗಿ ಕೂತ ಟ್ರಾನ್ಸ್‌ಫರ್ ಕೇಸ್. ಇಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವುದು ಅದೇ. ಆಕ್ಸಲ್ಲಿನ ನಡುವಿನ ಡಿಫರೆನ್ಶಿಯಲ್ ಗುಂಡುಗಳು ದಪ್ಪ ಲೋಹದವು, ಸಣ್ಣಪುಟ್ಟ ಏಟು ತಾಳುತ್ತವೆ. ಚೇಂಬರ್ ಹಾಗಲ್ಲ. ಅದೊಂದು ತೆಳು ತಗಡಿನ ಬೋಗುಣಿ. ಮೂರ್ನಾಲ್ಕು ಲೀಟರ್ ಎಣ್ಣೆ ಹಿಡಿದುಕೊಂಡು, ತಳದಲ್ಲೊಂದು ಬೋಲ್ಟು ಇಟ್ಟುಕೊಂಡು, ಕಲ್ಲುಗಳ ಮೇಲೆ ಹಾದುಹೋಗುತ್ತಿರುತ್ತದೆ.

ಹೋದ ವರ್ಷ ಅಕ್ಟೋಬರಿನ ಒಂದು ಸಂಜೆ ಕೊನೆಯ ಮನೆಯ ಅಜ್ಜಿಗೆ ಉಬ್ಬಸ ಹೆಚ್ಚಾಯಿತು. ಅಣ್ಣ ಗಾಡಿ ತೆಗೆದರು. ಹಿಂದಿನ ಸೀಟಿನಲ್ಲಿ ಅಜ್ಜಿಯನ್ನು ಒರಗಿಸಿಕೊಂಡು ಅವರ ಸೊಸೆ ಮತ್ತು ನಾನು. ಎರಡನೆಯ ಹಳ್ಳ ದಾಟಿ ದಡ ಏರುವಾಗ ಅಡಿಯಿಂದ ‘ಟಣ್’ ಎಂದಿತು. ಹತ್ತು ಮಾರು ಹೋಗುವಷ್ಟರಲ್ಲಿ ಮುಂದೆ ಎಣ್ಣೆಯ ಕೆಂಪು ದೀಪ ಹತ್ತಿತು. ಅಣ್ಣ ಆ ಕ್ಷಣವೇ ಇಂಜಿನ್ ಬಂದ್ ಮಾಡಿದರು. ಎಣ್ಣೆಯಿಲ್ಲದೆ ಇನ್ನೊಂದಿಷ್ಟು ದೂರ ಓಡಿಸಿದ್ದರೆ ಬೇರಿಂಗುಗಳು ಕಚ್ಚಿಕೊಂಡು ಇಂಜಿನ್ನೇ ಹೋಗುತ್ತಿತ್ತು. ಚೇಂಬರ್ ಬೋಲ್ಟಿನ ಪಕ್ಕ ತಗಡು ಸೀಳಿತ್ತು. ಊರಿನ ಹುಡುಗರು ಪ್ಲಾಸ್ಟಿಕ್ ಕುರ್ಚಿಗೆ ಬಿದಿರು ಗಳ ಕಟ್ಟಿ, ಅಜ್ಜಿಯನ್ನು ಕೂರಿಸಿ, ಉಳಿದ ನಾಲ್ಕು ಕಿಲೋಮೀಟರ್ ಹೊತ್ತರು. ಡಾಂಬರು ರಸ್ತೆಯಲ್ಲಿ ಆಟೊ ಸಿಕ್ಕಿತು. ಅಜ್ಜಿ ಉಳಿದರು. ಮಾರನೆಯ ಬೆಳಿಗ್ಗೆ ಹಳ್ಳದ ಹತ್ತಿರ ಹೋದೆ. ದಡದಿಂದ ಇಳಿದ ಎಣ್ಣೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಡಿಕೊಂಡು, ನಾನು ಎಣಿಸುವ ಕಲ್ಲುಗಳ ಕಡೆಗೇ ಹೋಗುತ್ತಿತ್ತು.

ಗಾರ್ಡ್ ಹಾಕಿಸಲೇಬೇಕು ಎಂದು ತೀರ್ಮಾನವಾದದ್ದು ಆಗ. ಅರ್ಧ ಖರ್ಚು ನಾನು ಕೊಡುತ್ತೇನೆಂದೆ. ಅಣ್ಣ ಮೊದಲು ಒಪ್ಪಲಿಲ್ಲ, ಆಮೇಲೆ “ನಿಮ್ಮ ಹುಳದ ಲೆಕ್ಕದಲ್ಲಿ ಬರ್ಕೊಳ್ಳಿ” ಎಂದರು.

ಯಾವುದರಲ್ಲಿ ಮಾಡಿಸುವುದು? ಗುಡ್ಡ-ಗದ್ದೆ ಎನ್ನದೆ ಓಡಲೆಂದೇ ಹುಟ್ಟಿದ ಸಣ್ಣ ಗಾಡಿಗಳ ಲೋಕದಲ್ಲಿ ಇದರ ಬಗ್ಗೆ ಬೇಕಾದಷ್ಟು ಅನುಭವವಿದೆ. 1970ರಲ್ಲಿ ಹೋಂಡಾ ಅಮೆರಿಕದಲ್ಲಿ ಮಾರಾಟಕ್ಕಿಟ್ಟ ಉಬ್ಬು ಟೈರುಗಳ ಮೂರು ಚಕ್ರದ ಗಾಡಿಯಿಂದ ಬೆಳೆದ ವಂಶ ಅದು. ಇಂದಿನ ನಾಲ್ಕು ಚಕ್ರದ ಎ.ಟಿ.ವಿ.ಗಳಿಗೆ ಹೆಚ್ಚಾಗಿ ಹಾಕುವುದು ಅಲ್ಯುಮಿನಿಯಂ ಅಥವಾ ಒಂದು ಬಗೆಯ ಗಟ್ಟಿ ಪಾಲಿಥೀನ್. ಆ ಪ್ಲಾಸ್ಟಿಕ್ಕಿನ ಕಥೆ ಸ್ವಾರಸ್ಯದ್ದು. 1962ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್ಲಿ ಸವೆದ ಸೊಂಟದ ಕೀಲಿಗೆ ಬದಲಿ ಬಟ್ಟಲು ಮಾಡಲು ಆರಿಸಿಕೊಂಡದ್ದು ಇದನ್ನೇ. ಸವೆತ ಕಡಿಮೆ, ಜಾರುವ ಗುಣ ಹೆಚ್ಚು. ಕಲ್ಲಿನ ಮೇಲೆ ಅಲ್ಯುಮಿನಿಯಂ ಕಚ್ಚಿಕೊಂಡು ಕೆರೆಯುತ್ತದೆ, ಇದು ಜಾರಿಕೊಂಡು ಹೋಗುತ್ತದೆ. ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಬೋಲ್ಟಿನ ತೂತುಗಳನ್ನು ಮಾತ್ರ ಸ್ವಲ್ಪ ಉದ್ದಕ್ಕೆ ಕೊರೆಯಬೇಕು.

ನಮಗೆ ಬೇಕಿದ್ದುದು 75 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಹಾಳೆ. ಕೂತು ಲೆಕ್ಕ ಹಾಕಿದೆ. 12 ಎಂ.ಎಂ. ಪ್ಲಾಸ್ಟಿಕ್ ಆದರೆ ಸುಮಾರು 5 ಕೆ.ಜಿ., 6 ಎಂ.ಎಂ. ಅಲ್ಯುಮಿನಿಯಂ 7 ಕೆ.ಜಿ.ಗೆ ಸ್ವಲ್ಪ ಹೆಚ್ಚು, 4 ಎಂ.ಎಂ. ಕಬ್ಬಿಣ 14 ಕೆ.ಜಿ. ಕಾಗದದ ಮೇಲೆ ಕಬ್ಬಿಣವೇ ಸೋತಿತು. ಪೇಟೆಯ ವೆಲ್ಡಿಂಗ್ ಶಾಪಿನ ಭಾಯಿ ನನ್ನ ಚೀಟಿ ನೋಡಿ ನಕ್ಕರು. “ಇದು ಬಗ್ಗಿದ್ರೆ ನಾನು ಸುತ್ತಿಗೇಲಿ ಸರಿ ಮಾಡ್ತೀನಿ ಮೇಡಂ. ಅದು ಒಡೆದ್ರೆ ನೀವು ಎಲ್ಲಿಂದ ತರಿಸ್ತೀರಿ?” ಅಲ್ಲಿಗೆ ಚರ್ಚೆ ಮುಗಿಯಿತು. ಹತ್ತಿರದಲ್ಲಿ ದುರಸ್ತಿಯಾಗುವ ವಸ್ತುವೇ ಆ ಊರಿಗೆ ಒಳ್ಳೆಯ ವಸ್ತು.

ಕೆಲಸ ಎರಡು ದಿನ ಹಿಡಿಯಿತು. ಮೊದಲು ಗಾಡಿಯ ಹೊಟ್ಟೆಯ ಕೆಸರು, ಗ್ರೀಸು ತೊಳೆದರು. ಜಾಕಿ ಎತ್ತಿದ ಮೇಲೆ ಭಾಯಿ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು, ಗಾಡಿಯನ್ನು ಒಮ್ಮೆ ಜೋರಾಗಿ ಅಲುಗಾಡಿಸಿ ನೋಡಿ, ಆಮೇಲಷ್ಟೇ ಕೆಳಗೆ ತೂರಿದರು. ಬರೀ ಜಾಕಿ ನಂಬಿ ಗಾಡಿಯ ಕೆಳಗೆ ಮಲಗಬಾರದು ಎನ್ನುವುದು ಅವರ ಶಾಪಿನ ಹುಡುಗರಿಗೆಲ್ಲ ಮೊದಲ ಪಾಠ. ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ ಹರಿದು, ಚಾಸಿಗೆ ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ ಮೊದಲು ರಟ್ಟಿನದೇ ಗಾರ್ಡ್ ಮಾಡಿದರು. ಮುಂದಿನ ಆಕ್ಸಲ್ ಮೇಲೆ-ಕೆಳಗೆ ಆಡಲು ಜಾಗ, ಶಾಫ್ಟ್ ತಿರುಗಲು ಜಾಗ. ಚೇಂಬರಿಗೂ ತಗಡಿಗೂ ನಡುವೆ ಎರಡು ಬೆರಳು ಬಿಟ್ಟರು. ಏಟು ಬಿದ್ದಾಗ ತಗಡು ಬಗ್ಗುತ್ತದೆ. ಬಗ್ಗಿದ್ದು ಚೇಂಬರಿಗೇ ತಾಗಿದರೆ ಹಾಕಿಯೂ ಹಾಕದ ಹಾಗೆ. ಎಣ್ಣೆ ಬೋಲ್ಟಿನ ನೇರಕ್ಕೆ ಸ್ಪ್ಯಾನರ್ ಹೋಗುವಷ್ಟು ತೂತು. ಕೆಸರು, ನೀರು ಇಳಿಯಲು ಉದ್ದನೆಯ ಸೀಳುಗಳು. ಮುಂದಿನ ಅಂಚನ್ನು ದೋಣಿಯ ಮೂತಿಯಂತೆ ಮೇಲಕ್ಕೆ ಬಗ್ಗಿಸಿದರು. ಚೂಪಾಗಿ ಬಿಟ್ಟರೆ ಅದೇ ನೇಗಿಲಾಗುತ್ತದೆ.

“ಚಾಸಿಗೇ ವೆಲ್ಡ್ ಮಾಡಿಬಿಡಿ, ಗಟ್ಟಿಯಾಗಿರುತ್ತೆ” ಎಂದ ಅಲ್ಲಿ ನಿಂತಿದ್ದ ಅಣ್ಣನ ತಮ್ಮನ ಮಗ. ಭಾಯಿ ಒಪ್ಪಲಿಲ್ಲ. ಬಿಚ್ಚಲಾಗದ ಗಾರ್ಡಿನ ಒಳಗೆ ಏನು ಕೊಳೆಯುತ್ತಿದೆ ಎನ್ನುವುದು ಯಾರಿಗೂ ಕಾಣುವುದಿಲ್ಲ. ಸೈಲೆನ್ಸರಿನ ಹತ್ತಿರ ಒಣಹುಲ್ಲು ಸಿಕ್ಕಿಕೊಂಡರೆ ಬೆಂಕಿಯೂ ಹತ್ತಬಹುದು. ಚಾಸಿಗೆ ಹೊಸ ತೂತನ್ನೂ ಕೊರೆಯದೆ ಕ್ಲಾಂಪ್ ಹಾಕಿ, ಬೋಲ್ಟುಗಳ ತಲೆ ಕಲ್ಲಿಗೆ ತಾಗದಂತೆ ತಗಡಿನೊಳಕ್ಕೆ ತಗ್ಗಿಸಿದರು. ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಕೂರಿಸಿ, ತಗಡು ತನ್ನ ಜಾಗ ಹಿಡಿದ ಮೇಲೆ ಒಂದೊಂದಾಗಿ ಬಿಗಿದರು. ನೂರು ಕಿಲೋಮೀಟರ್ ಓಡಿದ ಮೇಲೆ ಬಂದು ಮತ್ತೊಮ್ಮೆ ಬಿಗಿಸಿಕೊಂಡು ಹೋಗಿ ಎಂದರು.

ಮೊದಲ ಸಲ ಹಳ್ಳಕ್ಕೆ ಇಳಿದಾಗ ಗೊತ್ತಾದದ್ದು ಸದ್ದಿನ ವ್ಯತ್ಯಾಸ. ಮೊದಲೆಲ್ಲ ಅಡಿಯಿಂದ ಸಣ್ಣ ‘ಟಣ್’ ಬಂದರೂ ಅಣ್ಣನ ಬೆನ್ನು ಸೆಟೆದುಕೊಳ್ಳುತ್ತಿತ್ತು. ಈಗ ಬರುವುದು ‘ಗರ್ರ್’ ಎಂಬ ದಡ್ಡ ಸದ್ದು. ತಮ್ಮನ ಮಗನಿಗೆ ಖುಷಿಯೋ ಖುಷಿ. “ಇನ್ನು ಎಲ್ಲಿ ಬೇಕಾದ್ರೂ ಇಳಿಸ್ಬಹುದು ದೊಡ್ಡಪ್ಪ” ಎಂದ. ಅಣ್ಣ ಮಾತಾಡಲಿಲ್ಲ. ನನಗೆ ಮಾತ್ರ ಆ ‘ಎಲ್ಲಿ ಬೇಕಾದ್ರೂ’ ಕಿವಿಯಲ್ಲೇ ಉಳಿಯಿತು. ಅಲ್ಲಿಯವರೆಗೆ ಆ ಹಳ್ಳವನ್ನು ಕಾಪಾಡುತ್ತಿದ್ದುದು ಯಾವ ಕಾನೂನೂ ಅಲ್ಲ, ತೆಳು ತಗಡಿನ ಆ ಚೇಂಬರ್. ಅದು ಒಡೆದೀತು ಎಂಬ ಹೆದರಿಕೆಯಿಂದ ಗಾಡಿಗಳು ಒಂದೇ ಜಾಡಿನಲ್ಲಿ, ನಿಧಾನಕ್ಕೆ ದಾಟುತ್ತಿದ್ದವು.

ನಾನು ಎಣಿಸುವ ಜೀವಿಗಳಲ್ಲಿ ಒಂದು ಬಗೆಯ ಜೀರುಂಡೆಯ ಮರಿ ಇದೆ. ಇಂಗ್ಲಿಷಿನವರು ಅದನ್ನು ನೀರಿನ ಕಾಸು ಎಂದು ಕರೆಯುತ್ತಾರೆ. ಕೆಲವೇ ಮಿಲಿಮೀಟರ್ ಅಗಲದ ಚಪ್ಪಟೆ ಬಿಲ್ಲೆ. ತಲೆ, ಕಾಲು ಎಲ್ಲವನ್ನೂ ಬೆನ್ನಿನ ತಟ್ಟೆಯ ಅಡಿಯಲ್ಲಿ ಮುಚ್ಚಿಕೊಂಡು ಕಲ್ಲಿಗೆ ಕಚ್ಚಿ ಕೂರುತ್ತದೆ. ರಭಸದ ನೀರು ಮೇಲಿನಿಂದ ಜಾರಿ ಹೋಗುತ್ತದೆ. ಮರಳಿನ ಕಣಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಗೂಡು ಹೊಲಿದುಕೊಳ್ಳುವ ಕ್ಯಾಡಿಸ್ ಹುಳುವಿನ ಮರಿಯೂ ಅಲ್ಲೇ ಇದೆ. ಇವೆಲ್ಲ ಗಾರ್ಡ್ ಹಾಕಿಕೊಂಡೇ ಬದುಕುವ ಜೀವಗಳು. ಆದರೆ ಅವುಗಳ ಗಾರ್ಡ್ ನೀರಿನ ಸೆಳೆತಕ್ಕೆ ಸಾಕು, ಉರುಳುವ ಕಲ್ಲಿಗೆ ಸಾಲದು. ಗಾಡಿಯೊಂದು ಕಲ್ಲನ್ನು ಮಗುಚಿದರೆ ಅಡಿಯಲ್ಲಿದ್ದವು ಅರೆದುಹೋಗುತ್ತವೆ. ದಡ ಕುಸಿದು ಇಳಿದ ಹೂಳು ಕಲ್ಲುಗಳ ಸಂದಿ ತುಂಬಿದರೆ ಉಳಿದವಕ್ಕೆ ಜಾಗವಿಲ್ಲ. ಜಿಪ್ಸಿಯ ಹೊಟ್ಟೆಗೆ ತಗುಲುವ ಕಲ್ಲೂ ಒಂದು ಹೊಟ್ಟೆಯುಳ್ಳದ್ದೇ.

ಹಾಗೆಂದು ಗಾರ್ಡ್ ಬೇಡವಾಗಿತ್ತು ಎಂದು ಹೇಳಲಾರೆ. ಚೇಂಬರ್ ಒಡೆದ ಆ ಸಂಜೆ ಹಳ್ಳಕ್ಕೆ ಇಳಿದ ಎಣ್ಣೆಯನ್ನು ನಾನು ನೋಡಿದ್ದೇನೆ, ಕುರ್ಚಿಯಲ್ಲಿ ತೂಗಾಡುತ್ತಾ ಹೋದ ಅಜ್ಜಿಯನ್ನೂ ನೋಡಿದ್ದೇನೆ. ತಗಡು ಇಬ್ಬರನ್ನೂ ಕಾಯುತ್ತದೆ. ಕಾಯದೆ ಇರುವುದು ಹಳ್ಳವನ್ನು ಆಟದ ಬಯಲು ಮಾಡಿಕೊಳ್ಳುವ ಆಸೆಯಿಂದ ಮಾತ್ರ. ವಾರಾಂತ್ಯಕ್ಕೆ ಹೊರಗಿನಿಂದ ಬರುವ ದೊಡ್ಡ ಟೈರಿನ ಗಾಡಿಗಳು ನೀರಿನ ಉದ್ದಕ್ಕೂ ಓಡುವುದನ್ನು ಕೆಳಗಿನ ಹೊಳೆಯಲ್ಲಿ ಕಂಡಿದ್ದೇನೆ. ಅವುಗಳ ಹೊಟ್ಟೆಯಡಿಯಲ್ಲೂ ಒಳ್ಳೆಯ ತಗಡುಗಳೇ ಇದ್ದವು.

ಅಣ್ಣ ತಮ್ಮನ ಮಗನಿಗೆ ಉತ್ತರ ಕೊಟ್ಟದ್ದು ಒಂದು ವಾರದ ಮೇಲೆ, ಹಳ್ಳದ ದಡದಲ್ಲಿ. ಹುಡುಗನ ಕೈಗೆ ಸ್ಟೀರಿಂಗ್ ಕೊಡುವ ಮುಂಚೆ ಪ್ಯಾಂಟು ಮಡಚಿಸಿ ನೀರಿಗಿಳಿಸಿದರು. “ಮೊದ್ಲು ಕಾಲಲ್ಲಿ ದಾಟು. ಯಾವ ಕಲ್ಲು ಎಲ್ಲಿದೆ ಅಂತ ಕಾಲಿಗೆ ಗೊತ್ತಾಗ್ಲಿ. ಗಾರ್ಡ್ ಹಾಕ್ಸಿರೋದು ತಪ್ಪಿ ತಗುಲಿದ್ದಕ್ಕೆ ಮಾರಾಯ, ಬೇಕೂಂತ ತಗುಲ್ಸೋದಕ್ಕಲ್ಲ.” ಆಮೇಲೆ ನಾವು ಮೂವರೂ ಸೇರಿ, ಹಳೆಯ ಜಾಡಿನ ಎರಡೂ ಬದಿಗೆ ಸುಣ್ಣ ಹಚ್ಚಿದ ಗೂಟ ನೆಟ್ಟೆವು. ದಾಟುವುದಾದರೆ ಅದರ ನಡುವೆಯೇ. ಜೂನ್ ಮಳೆ ಹಿಡಿದ ಮೇಲೆ ನೀರು ಇಳಿಯುವವರೆಗೆ ಗಾಡಿ ಈಚೆ ದಡದಲ್ಲಿ.

ಮೊನ್ನೆ ಎಣ್ಣೆ ಬದಲಾಯಿಸಲು ಗಾರ್ಡ್ ಬಿಚ್ಚಿದರು. ನೂರು ಕಿಲೋಮೀಟರಿಗೆ ಬಿಗಿಸಿದ ಬೋಲ್ಟುಗಳು ಹಾಗೆಯೇ ಇದ್ದವು. ಒಳಗಿದ್ದ ಒಣ ಎಲೆ, ಮರಳು ಕೊಡವಿ ತಗಡನ್ನು ಬೋರಲು ಹಾಕಿ ನೋಡಿದೆವು. ಬಣ್ಣ ಕಿತ್ತ ಉದ್ದನೆಯ ಗೀರುಗಳು ಮೂರು. ಎರಡು ಎಲ್ಲಿ ಬಿದ್ದವೆಂದು ಅಣ್ಣ ತಕ್ಷಣ ಹೇಳಿದರು. ಮೂರನೆಯದು ನೆನಪಾಗಲಿಲ್ಲ. ಅಲ್ಲೇ ಕೂತಿದ್ದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು, ಹಳ್ಳದ ಕಡೆಗೆ ಕಲ್ಲು ನೋಡಿಬರಲು ಹೋದ.