ರಾಯರ ಹಡಗು

ನೀರನ್ನು ಎಂದೂ ಮುಟ್ಟದ ಹಡಗುಗಳನ್ನು ಕಟ್ಟುವ ಹುಚ್ಚು ನಮ್ಮನ್ನು ಹಿಡಿದು ಹದಿನಾರು ವರ್ಷಗಳಾದುವು. ಮೈಸೂರಿನಿಂದ ಸಮುದ್ರವು ಎಷ್ಟು ದೂರವೆಂಬುದನ್ನು ವಾಚಕರು ಬಲ್ಲರು. ಹೀಗಿದ್ದರೂ ಈ ಊರಿನಲ್ಲಿ ನಮ್ಮಂಥವರು ಐವರು ಒಟ್ಟುಗೂಡಿ, ತಿಂಗಳಿಗೆ ಎರಡು ಭಾನುವಾರ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ಕುಳಿತು, ಕಡ್ಡಿಯಂಥ ಹಲಗೆಗಳನ್ನು ಹಬೆಯಲ್ಲಿ ಬಾಗಿಸುತ್ತ, ನೂಲಿಗೆ ಗಂಟು ಹಾಕುತ್ತ, ಒಬ್ಬರ ತಪ್ಪನ್ನು ಇನ್ನೊಬ್ಬರು ಎತ್ತಿ ಆಡುತ್ತ ಕಾಲ ಕಳೆಯುತ್ತಿದ್ದೆವು. ಬಟ್ಟೆ ಒಣಹಾಕುವ ಕ್ಲಿಪ್ಪುಗಳೆಲ್ಲ ಹಡಗಿನ ಪಾಲಾದುವೆಂಬುದು ನಮ್ಮ ಮನೆಯವರ ದೂರು. ಅದು ನ್ಯಾಯವಾದ ದೂರೇ ಸರಿ. ಅಂಟು ಒಣಗುವವರೆಗೆ ಹಲಗೆಯನ್ನು ಹಿಡಿದಿಡಲು ಅದಕ್ಕಿಂತ ಒಳ್ಳೆಯ ಸಾಧನವನ್ನು ನಾವು ಕಾಣೆವು.

ಐವರಲ್ಲಿ ನಾಲ್ವರು ಪರದೇಶದ ಪೆಟ್ಟಿಗೆಗಳನ್ನು ತರಿಸಿ ಕಟ್ಟುವವರು. ಅಂಥ ಪೆಟ್ಟಿಗೆಯಲ್ಲಿ ಕೊಯ್ದು ಸಿದ್ಧಮಾಡಿದ ಮರವೂ, ನೂಲೂ, ಸಾಸಿವೆಕಾಳಿಗಿಂತ ತುಸು ದಪ್ಪನಾದ ಗಡಗಡೆಗಳೂ ಇರುತ್ತವೆ. ನೆಲ್ಸನ್ನನ 'ವಿಕ್ಟರಿ', ಚೀಣದಿಂದ ಚಹಾ ಹೊರುತ್ತಿದ್ದ 'ಕಟಿ ಸಾರ್ಕ್', ಇವೇ ನಮ್ಮ ಅಭ್ಯಾಸದ ಹಡಗುಗಳು. ನಿವೃತ್ತ ಗಣಿತೋಪಾಧ್ಯಾಯರಾದ ರಾಯರೊಬ್ಬರು ಮಾತ್ರ ಪೆಟ್ಟಿಗೆಯ ಹಡಗನ್ನು ಒಲ್ಲೆನೆಂದರು. ಅವರು ಇಂಗ್ಲೆಂಡಿನಿಂದ ನಕ್ಷೆಯ ಪ್ರತಿಗಳನ್ನು ತರಿಸಿಕೊಂಡು 'ಟ್ರಿಂಕೋಮಲಿ' ಎಂಬ ಯುದ್ಧನೌಕೆಯನ್ನು ಕೈಗೆತ್ತಿಕೊಂಡರು.

ಆ ಹಡಗಿನ ಕಥೆಯನ್ನು ಅವರ ಬಾಯಿಂದ ಕೇಳಬೇಕಾಗಿತ್ತು. ನೆಪೋಲಿಯನ್ನನ ಕಾಲದ ಯುದ್ಧಗಳಿಂದಾಗಿ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದುದರಿಂದ, ಬ್ರಿಟಿಷ್ ನೌಕಾಖಾತೆಯು ಅದನ್ನು ಮುಂಬಯಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿಸಿತು. 1812ರಲ್ಲಿ ನಕ್ಷೆಗಳನ್ನು ಹೊತ್ತು ಬರುತ್ತಿದ್ದ 'ಜಾವಾ' ಎಂಬ ಹಡಗನ್ನು ಬ್ರೆಜಿಲಿನ ಬಳಿ ಅಮೆರಿಕದವರ 'ಕಾನ್‌ಸ್ಟಿಟ್ಯೂಷನ್' ಹೊಡೆದು ಹಿಡಿದು ಸುಟ್ಟುಹಾಕಿದುದರಿಂದ, ಇಂಗ್ಲೆಂಡಿನವರು ಮತ್ತೊಮ್ಮೆ ನಕ್ಷೆ ಕಳುಹಿಸಬೇಕಾಯಿತು. ಕಟ್ಟಿದವರು ಪಾರಸಿಗಳಾದ ಜಮಶೇಟಜಿ ಬೊಮನಜಿ ವಾಡಿಯಾ. 1816ರಲ್ಲಿ ಕೆಲಸಕ್ಕೆ ತೊಡಗುವಾಗ ತಮ್ಮ ಸಂಪ್ರದಾಯದಂತೆ ಅಡಿಮರಕ್ಕೆ ಬೆಳ್ಳಿಯ ಮೊಳೆಯೊಂದನ್ನು ಹೊಡೆದರು. 1817ನೆಯ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಮುಂದೆ ಅದಕ್ಕೆ ಬೇರೆ ಹೆಸರಿಟ್ಟು ಹುಡುಗರ ಶಿಕ್ಷಣನೌಕೆಯನ್ನಾಗಿ ಮಾಡಿದರು. 1992ರಲ್ಲಿ ಹಳೆಯ ಹೆಸರು ಮರಳಿತು. ಇಂದಿಗೂ ಅದು ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ನೀರಿನ ಮೇಲೆ ನಿಂತಿದೆ. "ಓಕ್ ಆಗಿದ್ದರೆ ಎಂದೋ ಮಣ್ಣಾಗುತ್ತಿತ್ತು, ಸ್ವಾಮಿ," ಎನ್ನುವರು ರಾಯರು, ಮಲಬಾರಿನ ಕಾಡನ್ನೆಲ್ಲ ತಾವೇ ಬೆಳೆಸಿದವರಂತೆ.

ಈ ಕಾರಣದಿಂದಲೇ ಅವರು ತೇಗದ ಹೊರತು ಬೇರೆ ಮರವನ್ನು ಮುಟ್ಟಲಿಲ್ಲ. ತೇಗದ ನೂಲು ಒರಟು, ಸಣ್ಣ ಕೆಲಸಕ್ಕೆ ಒಗ್ಗದು. ಅದರ ಎಣ್ಣೆಯ ದೆಸೆಯಿಂದ ಅಂಟು ಹಿಡಿಯದು. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರವು ಬೆಣ್ಣೆಯಂತೆ ಉಳಿಗೆ ಒಲಿಯುತ್ತದೆ, ಅದನ್ನೇ ತನ್ನಿರೆಂದು ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ತಂದೆಯ ಕಾಲದ ಮನೆಯನ್ನು ಕೆಡವಿದಾಗ ಉಳಿಸಿಕೊಂಡಿದ್ದ ಬಾಗಿಲುವಾಡವನ್ನು ಕೊಯ್ಯಿಸಿದರು. ಮಡದಿಯ ಮುರಿದ ಕಾಲುಂಗುರವನ್ನು ಅಕ್ಕಸಾಲಿಗನಿಗೆ ಕೊಟ್ಟು ಗುಂಡುಸೂಜಿಯಷ್ಟು ಮೊಳೆ ಮಾಡಿಸಿ ಅಡಿಮರಕ್ಕೆ ಹೊಡೆದರು. ಆ ದಿವಸ ಐವರಿಗೂ ಅವರ ಮನೆಯಲ್ಲಿ ಹೋಳಿಗೆಯ ಊಟ.

ಅಳತೆ ಅರುವತ್ತನಾಲ್ಕಕ್ಕೆ ಒಂದು. ಎಂದರೆ 150 ಅಡಿಯ ಹಡಗು 28 ಅಂಗುಲವಾಗುವುದು, ಅದರ ಮೇಲೆ ನಿಂತ ಮನುಷ್ಯನು ಒಂದು ಅಂಗುಲ. ರಾಯರ ಕೈ ಆಗಲೇ ನಡುಗುತ್ತಿದ್ದುದರಿಂದ ಪಕ್ಕೆಲುಬುಗಳನ್ನು ಕೊಯ್ಯುವ ಕೆಲಸವನ್ನು ನಾವು ವಹಿಸಿಕೊಂಡೆವು. ಕೊರೆಯುವ ಗರಗಸವು ನಮ್ಮಲ್ಲಿತ್ತು. ನಕ್ಷೆಯ ಗೆರೆಯನ್ನು ಮರದ ಮೇಲೆ ಮೂಡಿಸಿ, ಗೆರೆಯ ತುಸು ಹೊರಗೆ ಕೊಯ್ದು, ಬಳಿಕ ಗೆರೆಯವರೆಗೆ ಅರದಿಂದ ಉಜ್ಜುವುದು ಕ್ರಮ. ಇದೆಲ್ಲವನ್ನೂ ಇಷ್ಟು ವಿಸ್ತರಿಸಿದುದಕ್ಕೆ ಕಾರಣವು ಮುಂದೆ ತಿಳಿಯುವುದು.

ಹಲಗೆ ಹೊದಿಸುವುದೇ ಈ ಕಲೆಯಲ್ಲಿ ಕಠಿನವಾದುದು. ಗೃಹಿಣಿಯರು ಹೀರೇಕಾಯಿಯನ್ನು ನೋಡಿರುತ್ತಾರಷ್ಟೆ. ಅದರ ಏಣುಗಳ ನಡುವಣ ಅಂತರವು ಹೊಟ್ಟೆಯಲ್ಲಿ ಅಗಲ, ತುದಿಯಲ್ಲಿ ಕಿರಿದು. ಹಡಗಿನ ಹಲಗೆಯೂ ಹಾಗೆಯೇ ಮೂತಿಯ ಕಡೆಗೆ ಸಣ್ಣಗಾಗುತ್ತ ಹೋಗಬೇಕು. ಸಣ್ಣಗಾಗಿಸದೆ ಅಂಟಿಸಿದರೆ ಒಂದರ ಮೇಲೊಂದು ಏರಿ ಉಬ್ಬುತ್ತವೆ. ಮೂರು ವರ್ಷಗಳ ಹಿಂದೆ ಒಂದು ಭಾನುವಾರ ರಾಯರು ತಮ್ಮ ಹಡಗನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಎಡಮಗ್ಗುಲಲ್ಲಿ, ಮೂತಿಯ ಸಮೀಪ, ಬೆರಳಿಗೆ ಎಡವುವಂಥ ಉಬ್ಬೊಂದಿತ್ತು. ನಾವು ಎಲ್ಲರೆದುರಿಗೆ, "ಗಣಿತ ಹೇಳಿಕೊಟ್ಟವರಿಗೆ ಹೀರೇಕಾಯಿಯ ಲೆಕ್ಕ ತಪ್ಪಿತಲ್ಲ!" ಎಂದೆವು. ಎಲ್ಲರೂ ನಕ್ಕರು. ರಾಯರೂ ನಕ್ಕರೆಂದೇ ನಮ್ಮ ನೆನಪು. "ಇರಬಹುದು, ನೋಡುತ್ತೇನೆ," ಎಂದು ಹಡಗನ್ನು ಮತ್ತೆ ಸುತ್ತಿಕೊಂಡರು. ಆಮೇಲೆ ನಾಲ್ಕೈದು ತಿಂಗಳು ಅವರು ಬರಲಿಲ್ಲ. ಮಂಡಿನೋವು ಎಂದು ಹೇಳಿ ಕಳುಹಿಸಿದರು, ನಾವು ನಂಬಿದೆವು. ಮತ್ತೆ ಬಂದಾಗ ಹಡಗನ್ನು ತರಲಿಲ್ಲ.

ಕಳೆದ ವರ್ಷ ಮಾಘಮಾಸದಲ್ಲಿ ರಾಯರು ತೀರಿಕೊಂಡರು. ವೈಕುಂಠ ಸಮಾರಾಧನೆ ಕಳೆದು ತಿಂಗಳಾದ ಮೇಲೆ ಅವರ ಪತ್ನಿ ಹೇಳಿ ಕಳುಹಿಸಿದರು. ಹಡಗು ಕೋಣೆಯ ಮೇಜಿನ ಮೇಲೆಯೇ ಇತ್ತು. ಎಡಮಗ್ಗುಲಿನ ಕೆಳಗಣ ಮೂರನೆಯ ಒಂದು ಪಾಲು ಮಾತ್ರ ಹಲಗೆಯಿಲ್ಲದೆ ತೆರೆದಿತ್ತು.

"ನೀವು ಪೂರ್ತಿಮಾಡಿ ಕೊಡಿ," ಎಂದರು ಆ ತಾಯಿ. "ಅವರು ಅಂಟಿಸಿದ್ದನ್ನು ಮಾತ್ರ ಕೀಳಬೇಡಿ."

ಮನೆಗೆ ತಂದು, ರಾತ್ರಿ ತೆರವಿನೊಳಗೆ ಟಾರ್ಚ್ ಹಿಡಿದು ನೋಡಿದೆವು. ಹಲಗೆಗಳ ಅಂಚುಗಳು ಒಂದಕ್ಕೊಂದು ಕೂದಲೆಳೆ ನುಸುಳದಂತೆ ಕೂಡಿದ್ದವು. ಒಂದೊಂದನ್ನೂ ಮೂತಿಯ ಕಡೆಗೆ ಲೆಕ್ಕಾಚಾರದಂತೆ ಸಣ್ಣಗೆ ಮಾಡಿದ್ದರು. ಹಾಗಾದರೆ ಉಬ್ಬೆಲ್ಲಿಂದ ಬಂತು? ಮೂತಿಯಿಂದ ನಾಲ್ಕನೆಯ ಪಕ್ಕೆಲುಬಿನ ಎಡಗಡೆಯಲ್ಲಿ ನಕ್ಷೆಯ ಗೆರೆ ಇನ್ನೂ ಕಾಣುತ್ತಿತ್ತು. ಗೆರೆಯಿಂದಾಚೆಗೆ ಅಂಗುಲದ ಹದಿನಾರನೆಯ ಒಂದು ಪಾಲಿನಷ್ಟು ಮರ ಉಳಿದಿತ್ತು. ನಿಜವಾದ ಹಡಗಿನಲ್ಲಿ ಅದು ನಾಲ್ಕು ಅಂಗುಲ. ಕೊಯ್ದವರು ನಾವು, ಅರ ಹಾಕಲು ಮರೆತವರೂ ನಾವು.

ಹಲಗೆ ಹೊದಿಸುವ ಮೊದಲು ಪಕ್ಕೆಲುಬುಗಳ ಮೇಲೆ ಬಿದಿರಿನ ಸಲಾಕೆಯಿಟ್ಟು ನೋಡದೆ ಯಾರೂ ಕೆಲಸಕ್ಕೆ ಕೈ ಹಚ್ಚರು. ರಾಯರು ನೋಡದೆ ಇದ್ದಾರೆಯೇ? ನೋಡಿಯೂ, ಸ್ನೇಹಿತನು ಮಾಡಿಕೊಟ್ಟ ಕೆಲಸವೆಂದು ಸುಮ್ಮನಾದರೇ? ಅಥವಾ ಕಣ್ಣು ಮಂಜಾಗಿ ಕಾಣಲೇ ಇಲ್ಲವೇ? ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ.

ಎರಡು ದಿನ ಬಿಟ್ಟು ಅವರ ಮನೆಗೆ ಹೋಗಿ, "ಅಮ್ಮಾ, ಆ ಉಬ್ಬು ರಾಯರ ತಪ್ಪಲ್ಲ, ನಮ್ಮದು," ಎಂದು ನಡೆದುದನ್ನೆಲ್ಲ ಹೇಳಿದೆವು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ಒಂದು ಭಾನುವಾರ ನಿಮ್ಮಲ್ಲಿಂದ ಬಂದವರು ಊಟ ಬೇಡವೆಂದು ಮಲಗಿಬಿಟ್ಟರು. ಏಕೆಂದು ಈಗ ತಿಳಿಯಿತು," ಎಂದು ಒಳಗೆ ಹೋಗಿ ಕಾಫಿ ತಂದಿಟ್ಟರು. ನಾವು ಕುಡಿದೆವು.

ಉಬ್ಬನ್ನು ಸರಿಪಡಿಸಬೇಕಾದರೆ ರಾಯರ ಹದಿನಾಲ್ಕು ಹಲಗೆಗಳನ್ನು ಕೀಳಬೇಕು. ಮಂಡಲಿಯಲ್ಲಿ ಈ ಬಗ್ಗೆ ವಾದವಾಯಿತು. ಹಾಗೆಯೇ ಬಿಟ್ಟರೆ ಹೊರಗಿನವರು ಸತ್ತವರನ್ನೇ ಅಂದಾರು ಎಂಬುದು ಒಬ್ಬರ ಮಾತು, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ತಾಯಿಗೆ ಕೊಟ್ಟ ಮಾತು ದೊಡ್ಡದು. 17, 18ನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ನೌಕಾಖಾತೆಗೆ ಮಾಡುತ್ತಿದ್ದ ಮಾದರಿಗಳಲ್ಲಿ ಕೆಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬುಗಳು ಕಾಣುವಂತೆ ಬಿಡುವ ರೂಢಿಯಿತ್ತು. ನಾವೂ ರಾಯರು ನಿಲ್ಲಿಸಿದಲ್ಲಿಯೇ ನಿಲ್ಲಿಸಿದೆವು. ತೆರವಿನಲ್ಲಿ ಬಗ್ಗಿ ನೋಡಿದವರಿಗೆ ನಾಲ್ಕನೆಯ ಪಕ್ಕೆಲುಬೂ ಅದರ ಗೆರೆಯೂ ಕಾಣುತ್ತವೆ. ಕೇಳಿದವರಿಗೆ, ಅದನ್ನು ಕೊಯ್ದವರು ನಾವೆಂದು ಹೇಳುತ್ತೇವೆ. ಕೇಳದವರಿಗೂ ಹೇಳುತ್ತೇವೆಂದು ಮನೆಯವರ ಹಾಸ್ಯ.

ಮೂರು ಕೂವೆಮರಗಳೂ ಈಗ ನಿಂತಿವೆ. ಹಗ್ಗದೇಣಿಗಳ ಕೆಲಸ ಉಳಿದಿದೆ. ಒಂದೊಂದು ಮೆಟ್ಟಿಲಿಗೂ ಗಂಟು, ಎಲ್ಲ ಸೇರಿ ಸಾವಿರಕ್ಕೆ ಮಿಕ್ಕಿದ್ದಾವು. ಬರುವ ಭಾನುವಾರದಿಂದ ನಾಲ್ವರೂ ಕುಳಿತು ಕಟ್ಟುವುದೆಂದು ಗೊತ್ತಾಗಿದೆ. ನೂಲಿಗೆ ಹಚ್ಚಲು ಜೇನುಮೇಣವನ್ನು ರಾಯರ ಮನೆಯಿಂದಲೇ ಕಳುಹಿಸಿದ್ದಾರೆ.